ಅಂಗಡಿಯಲ್ಲಿ ಇಸಬ್‌ಗೋಲ್ ಇಲ್ಲ, ಈಗೇನು ಮಾಡಲಿ ಡಾಕ್ಟ್ರೇ?

ಓದುಗರ ಪ್ರಶ್ನೆ: "ನಾನು ನಿವೃತ್ತ ಶಾಲಾ ಶಿಕ್ಷಕಿ, ವಯಸ್ಸು 61. ಮಲೆನಾಡಿನ ಒಂದು ಸಣ್ಣ ಊರಿನವಳು. ಎಂಟು ವರ್ಷದಿಂದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆ) ಇದೆ. ಕೆಲವು ದಿನ ಮೋಷನ್ ಗಟ್ಟಿ, ಕೆಲವು ದಿನ ಬೆಳಗ್ಗೆ ಮೂರ್ನಾಲ್ಕು ಸಲ ಓಡಬೇಕು. ಮೂರು ವರ್ಷದ ಹಿಂದೆ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೊಸ್ಕೋಪಿ ಮಾಡಿ ಏನೂ ತೊಂದರೆ ಇಲ್ಲ ಅಂದರು. ಮಲಗುವ ಮುಂಚೆ ಎರಡು ಚಮಚ ಇಸಬ್‌ಗೋಲ್ ತಗೊಂಡರೆ ನೆಮ್ಮದಿ. ಈಗ ಮೂರು ವಾರದಿಂದ ನಮ್ಮೂರಿನ ಯಾವ ಮೆಡಿಕಲ್ ಶಾಪಿನಲ್ಲೂ ನಾನು ತಗೊಳ್ಳುವ ಪ್ಯಾಕೆಟ್ ಇಲ್ಲ. ಮನೆಯಲ್ಲಿ ಉಳಿದಿರುವುದು ಅರ್ಧ ಪ್ಯಾಕೆಟ್. ಬೇಗ ಮುಗಿಯಬಾರದು ಅಂತ ಒಂದೇ ಚಮಚವನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಯುತ್ತಿದ್ದೇನೆ. ನಾಲ್ಕು ದಿನದಿಂದ ಸರಿಯಾಗಿ ಮೋಷನ್ ಆಗಿಲ್ಲ, ಹೊಟ್ಟೆ ಉಬ್ಬರ. ಸೊಸೆ ಗೋಧಿ ತೌಡು ಕಲಸಿ ಚಪಾತಿ ಮಾಡಿಕೊಟ್ಟಳು, ಗ್ಯಾಸ್ ಇನ್ನೂ ಜಾಸ್ತಿಯಾಯಿತು. ಪಕ್ಕದ ಮನೆಯವರು ಸೋನಾಮುಖಿ ಪುಡಿ ಕೊಟ್ಟಿದ್ದಾರೆ, ಇನ್ನೂ ಮುಟ್ಟಿಲ್ಲ. ಎಂಟು ವರ್ಷ ತಗೊಂಡು ನನ್ನ ಕರುಳೇ ಸೋಮಾರಿ ಆಗಿಬಿಟ್ಟಿದೆಯಾ? ನಮ್ಮ ಯಜಮಾನರೂ ಇಸಬ್‌ಗೋಲ್ ತಗೊಳ್ಳುತ್ತಾರೆ. ಅವರಿಗೆ ಶುಗರ್ ಮಾತ್ರೆ, ಥೈರಾಯ್ಡ್ ಮಾತ್ರೆ ಇದೆ. ಮಗಳು ಅಮೆರಿಕದಲ್ಲಿದ್ದಾಳೆ, ಅಲ್ಲಿಂದ ತರಿಸಲಾ?"

ಮೇಡಂ, ಬೇರೆ ಮಾತಿಗೆ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳೋಣ. ನಾಲ್ಕು ದಿನ ಮೋಷನ್ ಇಲ್ಲ, ಹೊಟ್ಟೆ ಉಬ್ಬರ ಅಂದಿದ್ದೀರಿ. ಗ್ಯಾಸ್ ಹೋಗುತ್ತಿದೆಯಾ? ವಾಂತಿ ಇಲ್ಲ ತಾನೇ? ಗ್ಯಾಸ್ ಕೂಡ ಹೋಗದೆ ಹೊಟ್ಟೆ ಬಿಗಿದು ವಾಂತಿ ಆಗುತ್ತಿದ್ದರೆ ಈ ಉತ್ತರ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಕರುಳು ಎಲ್ಲೋ ಕಟ್ಟಿಕೊಂಡಿರಬಹುದು. ಆಗ ನಾರಿನ ಪುಡಿ, ಭೇದಿ ಔಷಧ ಎರಡೂ ಅಪಾಯ. ಇನ್ನೊಂದು ಪರಿಸ್ಥಿತಿಯೂ ಇದೆ. ಗಟ್ಟಿ ಮಲ ಕೆಳಗೆ ಕಲ್ಲಿನ ಹಾಗೆ ಕೂತು, ಅದರ ಪಕ್ಕದಿಂದ ನೀರು ಮಾತ್ರ ಸೋರುತ್ತಿರುತ್ತದೆ. ಲೂಸ್ ಮೋಷನ್ ಅಂತ ಜನ ಮೋಸ ಹೋಗುತ್ತಾರೆ. ಅದಕ್ಕೂ ಡಾಕ್ಟರ ಕೈಯೇ ಬೇಕು. ಇವೆರಡೂ ಇಲ್ಲ ಅಂದರೆ ಧೈರ್ಯವಾಗಿ ಮುಂದೆ ಓದಿ.

ನಿಮ್ಮ ಪತ್ರದಲ್ಲಿ ಪ್ಯಾಕೆಟ್ಟಿನ ಚಿಂತೆ ಮೊದಲು ಬಂದಿದೆ. ಆದರೆ ನಿದ್ದೆ ಕೆಡಿಸುತ್ತಿರುವುದು ಕರುಳು ಸೋಮಾರಿಯಾಯಿತಾ ಎಂಬ ಭಯ ಅಂತ ನನಗನಿಸಿತು. ಅದನ್ನು ಇಲ್ಲೇ ಬಿಟ್ಟುಬಿಡಿ. ಇಸಬ್‌ಗೋಲ್ ಕರುಳನ್ನು ತಿವಿದು ಎಬ್ಬಿಸುವ ಔಷಧವಲ್ಲ, ಅದು ಬರೀ ನಾರು. ದಿನಾ ಸೊಪ್ಪು ತಿಂದರೆ ಕರುಳು ಸೊಪ್ಪಿಗೆ ದಾಸನಾಗುವುದಿಲ್ಲ, ಅಲ್ವಾ? ಇದೂ ಹಾಗೇ. ಕಡಿಮೆ ಮಾಡಿದ ಮೇಲೆ ತೊಂದರೆ ಮರಳಿದ್ದು ಚಟದಿಂದಲ್ಲ. ಐಬಿಎಸ್ ಮೊದಲಿನಿಂದ ಇತ್ತು, ಇಸಬ್‌ಗೋಲ್ ಅದನ್ನು ತಡೆದು ಹಿಡಿದಿತ್ತು. ಈಗ ಹಿಡಿತ ಸಡಿಲವಾಗಿದೆ, ಅಷ್ಟೇ. ಕನ್ನಡಕ ತೆಗೆದಾಗ ಅಕ್ಷರ ಮಸುಕಾದರೆ ಕನ್ನಡಕ ಕಣ್ಣು ಕೆಡಿಸಿತು ಅನ್ನುವುದಿಲ್ಲವಲ್ಲ.

ಇಸಬ್‌ಗೋಲ್ ಮಾಡುವ ಕೆಲಸ ಏನು ಅಂತ ಗೊತ್ತಾದರೆ ಬದಲಿಗೆ ಏನು ತಗೊಳ್ಳಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ. ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿರುತ್ತೇನೆ. ಐಬಿಎಸ್‌ನವರು ಬಂದು ಕೂತ ತಕ್ಷಣ ಒಂದಕ್ಕೆ ಒಂದು ಚಮಚ ಇಸಬ್‌ಗೋಲ್, ಇನ್ನೊಂದಕ್ಕೆ ಒಂದು ಚಮಚ ಗೋಧಿ ತೌಡು ಹಾಕಿ ಕಲಕಿ ಪಕ್ಕಕ್ಕಿಡುತ್ತೇನೆ. ಮಾತಾಡಿ ಮುಗಿಸುವ ಹೊತ್ತಿಗೆ ಹತ್ತು ನಿಮಿಷ ಆಗಿರುತ್ತದೆ. ತೌಡು ತಳಕ್ಕೆ ಕೂತಿರುತ್ತದೆ, ಮೇಲೆ ನೀರು ನೀರಾಗಿಯೇ ಇರುತ್ತದೆ. ಇನ್ನೊಂದು ಲೋಟ ಓರೆ ಮಾಡಿದರೆ ನೀರು ಚೆಲ್ಲುವುದಿಲ್ಲ, ಲೋಳೆಯಾಗಿ ನಿಧಾನಕ್ಕೆ ಜಾರುತ್ತದೆ. ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುವುದೇ ಇಸಬ್‌ಗೋಲ್‌ನ ಕೆಲಸ. ಮಲ ಗಟ್ಟಿಯಿದ್ದರೆ ಆ ನೀರು ಮೆತ್ತಗೆ ಮಾಡುತ್ತದೆ. ಮಲ ನೀರಾಗಿದ್ದರೆ ಆ ಲೋಳೆ ಹೆಚ್ಚುವರಿ ನೀರನ್ನು ಹೀರಿ ಗಟ್ಟಿ ಮಾಡುತ್ತದೆ. ಎರಡೂ ತೊಂದರೆ ಇರುವ ನಿಮ್ಮಂಥವರಿಗೆ ಇದು ಒಗ್ಗಿದ್ದು ಅದಕ್ಕೇ. ಜೊತೆಗೆ, ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ಅಷ್ಟಾಗಿ ಹುಳಿ ಬರಿಸುವುದಿಲ್ಲ, ಹಾಗಾಗಿ ಗ್ಯಾಸ್ ಕಡಿಮೆ.

ಸೊಸೆ ಪ್ರೀತಿಯಿಂದಲೇ ತೌಡಿನ ಚಪಾತಿ ಮಾಡಿಕೊಟ್ಟಿದ್ದಾಳೆ. ಆದರೆ ತೌಡಿನ ಒರಟು ನಾರು ಐಬಿಎಸ್ ಇರುವವರ ಹೊಟ್ಟೆಗೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2021ರ ಮಾರ್ಗಸೂಚಿಯಲ್ಲೂ ಐಬಿಎಸ್‌ಗೆ ನೀರಿನಲ್ಲಿ ಕರಗುವ ನಾರು ಕೊಡಿ, ಕರಗದ ನಾರು ಬೇಡ ಎಂದೇ ಇದೆ. "ನಾರು ಅಂದರೆ ನಾರು, ಯಾವುದಾದರೇನು" ಅನ್ನುವುದು ನಾನು ದಿನಾ ಕೇಳುವ ತಪ್ಪು ಕಲ್ಪನೆ.

ಅಂಗಡಿಯಲ್ಲಿ ಯಾಕೆ ಸಿಗುತ್ತಿಲ್ಲ ಅಂತ ನಿಮಗೆ ಸಿಟ್ಟು ಬಂದಿರಬಹುದು. ಇಸಬ್‌ಗೋಲ್ ಕಾರ್ಖಾನೆಯಲ್ಲಿ ಹುಟ್ಟುವುದಲ್ಲ, ಹೊಲದಲ್ಲಿ ಬೆಳೆಯುವುದು. ಗುಜರಾತಿನ ಉತ್ತರ ಭಾಗ, ರಾಜಸ್ಥಾನದ ಜಾಲೋರ್, ಬಾಡ್ಮೇರ್ ಕಡೆಯ ಒಣ ನೆಲದ ಹಿಂಗಾರು ಬೆಳೆ. ಚಳಿ ಶುರುವಾಗುವಾಗ ಬಿತ್ತಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ಮೆಹ್ಸಾಣಾ ಜಿಲ್ಲೆಯ ಉಂಝಾ ಮಂಡಿ ಇದರ ದೊಡ್ಡ ಮಾರುಕಟ್ಟೆ. ದೋಣಿಯಾಕಾರದ ಪುಟ್ಟ ಬೀಜ. ಪರ್ಷಿಯನ್ ಭಾಷೆಯಲ್ಲಿ ಕುದುರೆಯ ಕಿವಿ ಎನ್ನುವುದರಿಂದ ಆ ಹೆಸರು ಬಂತು. ಬೀಜ ಅರೆದು ತೂರಿ ತೆಗೆದ ಮೇಲ್ಸಿಪ್ಪೆಯೇ ನಿಮ್ಮ ಪ್ಯಾಕೆಟ್ಟಿನಲ್ಲಿರುವುದು. ನಾಲ್ಕು ಕೆಜಿ ಬೀಜ ಅರೆದರೆ ಸಿಪ್ಪೆ ಸಿಗುವುದು ಸುಮಾರು ಒಂದು ಕೆಜಿ. ನೀರು ಕಂಡರೆ ಉಬ್ಬುವ ಗುಣವೇ ಈ ಬೆಳೆಯ ಶತ್ರು ಕೂಡ. ಕೊಯ್ಲಿನ ಹೊತ್ತಿಗೆ ಒಂದು ಮಳೆ ಬಿದ್ದರೆ ಬೀಜ ತೆನೆಯಿಂದ ಉದುರುತ್ತದೆ, ಸಿಪ್ಪೆ ಹೊಲದಲ್ಲೇ ಉಬ್ಬಿ ಕೆಡುತ್ತದೆ. 2023ರ ಮಾರ್ಚ್‌ನಲ್ಲಿ ಹೀಗೇ ಆಯಿತು. ಅಕಾಲಿಕ ಮಳೆ ಸುರಿದು ಆ ಕಡೆ ಜೀರಿಗೆ, ಇಸಬ್‌ಗೋಲ್ ಎರಡೂ ಪೆಟ್ಟು ತಿಂದವು. ಬೆಳೆದದ್ದರಲ್ಲಿ ದೊಡ್ಡ ಪಾಲು ಹೊರದೇಶಕ್ಕೂ ಹೋಗುತ್ತದೆ. ವರ್ಷಕ್ಕೆ ಒಂದೇ ಬೆಳೆ, ಎರಡೇ ರಾಜ್ಯದ ಮೇಲೆ ಹೆಚ್ಚಿನ ಭಾರ. ಎಲ್ಲೋ ಒಂದು ಕಡೆ ತಡವರಿಸಿದರೆ ಸಣ್ಣ ಊರಿನ ಅಂಗಡಿಗೆ ಮೊದಲು ಬಿಸಿ ತಟ್ಟುತ್ತದೆ.

ಆದರೆ ನಿಮ್ಮ ಪತ್ರದಲ್ಲಿ "ನಾನು ತಗೊಳ್ಳುವ ಪ್ಯಾಕೆಟ್" ಅಂತ ಇದೆ. ಅಂದರೆ ಆ ಬ್ರ್ಯಾಂಡ್ ಇಲ್ಲ, ಇಸಬ್‌ಗೋಲ್ ಇಲ್ಲವೇ ಇಲ್ಲ ಅಂತ ಅಲ್ಲವಲ್ಲ? ಯಾವ ಕಂಪನಿಯದ್ದಾದರೂ ಸಿಪ್ಪೆ ಅದೇ. ಡಬ್ಬಿಯ ಮೇಲೆ "ಸಿಲಿಯಂ ಹಸ್ಕ್" ಅಂತ ಬರೆದಿದ್ದರೂ ಅದೇ ವಸ್ತು. ಮೆಡಿಕಲ್ ಶಾಪ್ ಬಿಟ್ಟು ಊರಿನ ಗ್ರಂಧಿಗೆ ಅಂಗಡಿಯಲ್ಲಿ ಒಮ್ಮೆ ಕೇಳಿ. ಅಲ್ಲಿ ಬಿಡಿ ಸಿಪ್ಪೆ, ಕೆಲವು ಸಲ ಇಡೀ ಬೀಜ ಸಿಗುತ್ತದೆ. ಬಿಡಿಯಾಗಿ ತಂದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮುಗ್ಗಲು ವಾಸನೆ ಇರಬಾರದು, ಹುಳ ಇರಬಾರದು, ಒಂದು ಚಮಚ ನೀರಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಲೋಳೆ ಆಗಬೇಕು. ತಳಕ್ಕೆ ಮಣ್ಣೋ ಪುಡಿಯೋ ಕೂತರೆ ವಾಪಸ್ ಕೊಡಿ. ಇಡೀ ಬೀಜವಾದರೆ ಕೆಲವು ಗಂಟೆ ನೆನೆಸಿ, ಲೋಳೆ ಬಿಟ್ಟ ಮೇಲೆ ನೀರಿನ ಸಮೇತ ಕುಡಿಯಿರಿ. ಸಿಪ್ಪೆಯಷ್ಟು ಉಬ್ಬುವುದಿಲ್ಲ, ಆದರೂ ಕೆಲಸಕ್ಕೆ ಬರುತ್ತದೆ.

ಪುಡಿ ಮಾಡಿದ ಇಸಬ್‌ಗೋಲ್ ಕೊಟ್ಟರೆ ಚಮಚದ ಲೆಕ್ಕ ಬದಲಾಗುತ್ತದೆ. ಸಿಪ್ಪೆ ಹಗುರ, ಪುಡಿ ಭಾರ. ಅದೇ ಚಮಚದಲ್ಲಿ ಪುಡಿ ತುಂಬಾ ಜಾಸ್ತಿ ಹಿಡಿಯುತ್ತದೆ. ಅರ್ಧ ಚಮಚದಿಂದ ಶುರು ಮಾಡಿ. ಕಿತ್ತಳೆ ರುಚಿಯ ಸ್ಯಾಚೆಟ್ ಆದರೆ ಹಿಂಬದಿ ಓದಿ. ಕೆಲವದರಲ್ಲಿ ನಾರಿಗಿಂತ ಸಕ್ಕರೆಯೇ ಜಾಸ್ತಿ, ನಿಮ್ಮ ಯಜಮಾನರಿಗೆ ಅದು ಬೇಡ. ಇದಕ್ಕಿಂತ ಮುಖ್ಯವಾದದ್ದು: "ಇಸಬ್‌ಗೋಲ್ ಇಲ್ಲ, ಇದು ಅದೇ ಥರ" ಅಂತ ಕೊಡುವ ಚೂರ್ಣ, ಗ್ರ್ಯಾನ್ಯೂಲ್‌ಗಳಲ್ಲಿ ಎಷ್ಟೋ ಸಲ ಸೋನಾಮುಖಿ ಬೆರೆತಿರುತ್ತದೆ. ಡಬ್ಬಿಯ ಮೇಲೆ ಸೆನ್ನಾ, ಸನಾಯ್, ಸ್ವರ್ಣಪತ್ರಿ, ಯಾವ ಹೆಸರಿದ್ದರೂ ಅದೇ.

ಸೋನಾಮುಖಿ ವಿಷವೇನಲ್ಲ. ನಾವೂ ಬರೆದುಕೊಡುತ್ತೇವೆ. ಅದು ಕರುಳು ಸುಟ್ಟುಬಿಡುತ್ತದೆ ಅನ್ನುವುದೂ ಅತಿಯಾಯಿತು. ಆದರೆ ಅದರ ಕೆಲಸವೇ ಬೇರೆ. ಅದು ಕರುಳಿನ ಸ್ನಾಯುವನ್ನು ಕೆರಳಿಸಿ ತಳ್ಳಿಸುತ್ತದೆ. ಐಬಿಎಸ್‌ನಲ್ಲಿ ಕರುಳು ಮೊದಲೇ ಮುಂಗೋಪಿ, ಅದನ್ನು ಕೆರಳಿಸಿದರೆ ಹಿಂಡಿದ ಹಾಗೆ ನೋವು ಬರುತ್ತದೆ. ಮರುದಿನ ನಾಲ್ಕು ಸಲ ನೀರಿನ ಹಾಗೆ ಹೋಗುತ್ತದೆ, ಆಮೇಲೆ ಎರಡು ದಿನ ಏನೂ ಇಲ್ಲ, ಗಾಬರಿಯಾಗಿ ಮತ್ತೆ ಸೋನಾಮುಖಿ. ಈ ಏರಿಳಿತದಲ್ಲಿ ಸಿಕ್ಕಿಕೊಂಡು ಬಂದವರನ್ನು ತುಂಬಾ ನೋಡಿದ್ದೇನೆ. ನೀವು ಮುಟ್ಟದೆ ಇಟ್ಟದ್ದು ಒಳ್ಳೆಯದಾಯಿತು. ಇಸಬ್‌ಗೋಲ್ ಜಾಗಕ್ಕೆ ಬರುವುದು ನೀರು ಹಿಡಿದಿಡುವ ವಸ್ತುವೇ ಆಗಬೇಕು.

ಇನ್ನು ನೀವು ಉಳಿಸಿ ಉಳಿಸಿ ಕುಡಿಯುತ್ತಿರುವ ಬಗ್ಗೆ. ಚಮಚ ಕಡಿಮೆ ಮಾಡಿದ್ದು ತಪ್ಪಲ್ಲ. ನೀರು ಕಡಿಮೆ ಮಾಡಿದ್ದು ತಪ್ಪು. ನಾರು ಅರ್ಧ ಆದರೂ ನೀರು ಪೂರ್ತಿ ಇರಲಿ, ಕಡಿಮೆಯೆಂದರೆ ಕಾಲು ಲೀಟರಿನ ದೊಡ್ಡ ಲೋಟ. ಇದನ್ನು ಒತ್ತಿ ಹೇಳಲು ಕಾರಣವಿದೆ. ವರ್ಷಗಳ ಹಿಂದೆ ಒಬ್ಬ ಹಿರಿಯರು ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಎರಡು ಚಮಚ ಇಸಬ್‌ಗೋಲ್ ಒಣದಾಗಿ ಬಾಯಿಗೆ ಹಾಕಿಕೊಂಡು, ಎರಡು ಗುಟುಕು ನೀರು ಕುಡಿದು ಮಲಗಿದರು. ಸ್ವಲ್ಪ ಹೊತ್ತಿಗೆ ಎಂಜಲು ಕೂಡ ನುಂಗಲಾಗದೆ, ಕೈಯಲ್ಲಿ ಟವೆಲ್ ಹಿಡಿದುಕೊಂಡು ಬಂದರು. ಎಂಡೋಸ್ಕೋಪ್ ಇಳಿಸಿ ನೋಡಿದರೆ ಅನ್ನನಾಳದ ತುದಿಯಲ್ಲಿ ಬೂದು ಬಣ್ಣದ ಅಂಟು ಮುದ್ದೆ, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಚೂರು ಚೂರಾಗಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅದಕ್ಕೇ ಹೇಳುವುದು, ಕಲಕಿದ ತಕ್ಷಣ ಕುಡಿಯಿರಿ, ಮೇಲೆ ಇನ್ನೊಂದಿಷ್ಟು ನೀರು ಕುಡಿಯಿರಿ, ಕುಡಿದ ಕೂಡಲೇ ಮಲಗಬೇಡಿ. ಊಟ ನುಂಗಲು ಕಷ್ಟವಾಗುವವರು ಇದನ್ನು ಕೇಳದೆ ತಗೊಳ್ಳಲೇಬಾರದು.

ಈಗ ಅಡುಗೆಮನೆಗೆ ಬರೋಣ. ನೀವು ಮೊದಲು ತಗೊಳ್ಳುತ್ತಿದ್ದ ಎರಡು ಚಮಚದಲ್ಲಿ ಇರುತ್ತಿದ್ದದ್ದು ಹೆಚ್ಚೂ ಕಡಿಮೆ 7 ಗ್ರಾಂ. ಅಷ್ಟನ್ನು ಮನೆಯಲ್ಲೇ ಹೊಂದಿಸಬಹುದು. ಒಂದು ದೊಡ್ಡ ಚಮಚ ಅಗಸೆ ಬೀಜದಲ್ಲಿ 2ರಿಂದ 3 ಗ್ರಾಂ ನಾರು ಇದೆ. ಅಷ್ಟೇ ಚಿಯಾ ಬೀಜದಲ್ಲಿ ಸುಮಾರು 4 ಗ್ರಾಂ. ಎರಡೂ ನೀರಿನಲ್ಲಿ ಲೋಳೆ ಬಿಡುತ್ತವೆ, ನಮಗೆ ಬೇಕಾದದ್ದೂ ಅದೇ. ಚಿಯಾ ಹೊರಗಿನ ಬೆಳೆ ಅನ್ನಿಸಬಹುದು, ಆದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ನಮ್ಮ ಮೈಸೂರು ಕಡೆಯ ರೈತರೂ ಬೆಳೆದಿದ್ದಾರೆ. ಅದು ಸಿಗದಿದ್ದರೆ ಕಾಮಕಸ್ತೂರಿ ಬೀಜ ಸಾಕು, ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಯಾವುದೇ ಬೀಜವಾದರೂ ಚೆನ್ನಾಗಿ ನೆನೆದು ಉಬ್ಬಿದ ಮೇಲೆಯೇ ಬಾಯಿಗೆ. ಒಣ ಬೀಜ ತಿಂದು ನೀರು ಕುಡಿದರೆ ಆ ಹಿರಿಯರಿಗೆ ಆದದ್ದೇ ಆಗಬಹುದು. ಅಗಸೆಯನ್ನು ಹುರಿದು ಪುಡಿ ಮಾಡಿ ಮಜ್ಜಿಗೆಗೂ ಹಾಕಿಕೊಳ್ಳಬಹುದು. ಪುಡಿ ಬೇಗ ಕಮಟುತ್ತದೆ, ವಾರಕ್ಕಾಗುವಷ್ಟೇ ಮಾಡಿ. ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿ ರುಚಿಯೇನೋ ಹೌದು, ಆದರೆ ಆ ಖಾರ ಸದ್ಯಕ್ಕೆ ನಿಮ್ಮ ಹೊಟ್ಟೆಗೆ ಬೇಡ.

ಬೆಂಡೆಕಾಯಿ, ಬಸಳೆ ಸೊಪ್ಪು ಲೋಳೆ ಅಂತ ಮೂಗು ಮುರಿಯುವವರಿದ್ದಾರೆ. ನಿಮಗೆ ಈಗ ಬೇಕಾಗಿರುವುದು ಆ ಲೋಳೆಯೇ. ಬಸಳೆ ಹುಳಿ, ಬೆಂಡೆಕಾಯಿ ಪಲ್ಯ ವಾರದಲ್ಲಿ ಮೂರ್ನಾಲ್ಕು ದಿನ ಇರಲಿ. ಓಟ್ಸ್ ಗಂಜಿ, ಬಾರ್ಲಿ ಗಂಜಿಯಲ್ಲೂ ಕರಗುವ ನಾರು ಇದೆ. ಒಂದು ಚಮಚ ಮೆಂತ್ಯ ನೆನೆಸಿ ತಂಬುಳಿ ಮಾಡಿದರೆ ಅದೂ ಒಳ್ಳೆಯದು. ಪಪ್ಪಾಯಿ, ಸಿಕ್ಕಿದರೆ ದಿನಕ್ಕೆ ಎರಡು ಕಿವಿ ಹಣ್ಣು ತಿನ್ನಿ. ಒಣ ಪ್ಲಮ್ ಇಸಬ್‌ಗೋಲ್‌ಗಿಂತ ಚೆನ್ನಾಗಿ ಮಲಬದ್ಧತೆ ಕಡಿಮೆ ಮಾಡಿತು ಎಂದು 2011ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿದೆ. ಆದರೆ ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿ ಅಂಶ ಐಬಿಎಸ್‌ನವರಿಗೆ ಗ್ಯಾಸ್ ಮಾಡಬಹುದು. ಎರಡು ತಿಂದು ನೋಡಿ, ಹಿಡಿಸಿದರೆ ಮುಂದುವರಿಸಿ. ರಾಗಿ, ಹುರುಳಿ ಆರೋಗ್ಯಕ್ಕೆ ಒಳ್ಳೆಯವೇ. ಆದರೆ ಉಬ್ಬರ ಇಳಿಯುವವರೆಗೆ ಹುರುಳಿ, ಕಡಲೆ ಕಡಿಮೆ ಮಾಡಿ.

ಎಲ್ಲವನ್ನೂ ನಾಳೆಯೇ ಶುರು ಮಾಡಬೇಡಿ, ದಯವಿಟ್ಟು. ಹೀಗೆ ಮಾಡಿ. ಮನೆಯಲ್ಲಿರುವ ಇಸಬ್‌ಗೋಲ್ ದಿನಕ್ಕೆ ಒಂದು ಚಮಚ, ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಪೂರ್ತಿ ಲೋಟ ನೀರಿನಲ್ಲಿ. ಜೊತೆಗೆ ಒಂದು ಸಣ್ಣ ಚಮಚ ನೆನೆಸಿದ ಅಗಸೆಯನ್ನೋ ಚಿಯಾವನ್ನೋ ಮಧ್ಯಾಹ್ನ. ನಾಲ್ಕೈದು ದಿನ ಹಾಗೇ ಬಿಡಿ. ಗ್ಯಾಸ್ ಜಾಸ್ತಿ ಆಗಲಿಲ್ಲ ಅಂದರೆ ಬೀಜ ಸ್ವಲ್ಪ ಏರಿಸಿ. ನಾರು ಗುಣ ತೋರಿಸಲು ಎರಡು ಮೂರು ದಿನ ಬೇಕು, ಇವತ್ತು ತಗೊಂಡು ನಾಳೆ ಬೆಳಗ್ಗೆ ನಿರೀಕ್ಷೆ ಮಾಡಬೇಡಿ.

ಅಲ್ಲಿಯವರೆಗೆ ಈ ನಾಲ್ಕು ದಿನದ ಗಟ್ಟಿ ಹೊಟ್ಟೆಗೆ ಏನು? ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಂತ ಸಿಗುತ್ತದೆ, ಮೆಡಿಕಲ್‌ನವರಿಗೆ ಪೆಗ್ ಪೌಡರ್ ಅಂದರೆ ಗೊತ್ತು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ, ಕರುಳಿನಲ್ಲೇ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುತ್ತದೆ. ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ ಅಳತೆ ಕೇಳಿಕೊಂಡು ಎರಡು ಮೂರು ದಿನ ತಗೊಳ್ಳಿ. ಲೂಸ್ ಆದ ದಿನ ನಿಲ್ಲಿಸಿ. ಐಬಿಎಸ್‌ನ ಹೊಟ್ಟೆನೋವಿಗೆ ಇದರಿಂದ ಅಷ್ಟೇನೂ ಉಪಯೋಗವಿಲ್ಲ, ಇಸಬ್‌ಗೋಲ್‌ಗೆ ಇದು ಪೂರ್ತಿ ಬದಲಿಯೂ ಅಲ್ಲ. ಲ್ಯಾಕ್ಟುಲೋಸ್ ಸಿರಪ್ ಕೂಡ ಕೆಲಸ ಮಾಡುತ್ತದೆ, ಆದರೆ ಉಬ್ಬರ ಇರುವವರಿಗೆ ಗ್ಯಾಸ್ ಹೆಚ್ಚಿಸುತ್ತದೆ. ಬಿಳಿ ಮೆಗ್ನೀಷಿಯಾ ಔಷಧ ಕಿಡ್ನಿ ತೊಂದರೆ ಇರುವವರಿಗೆ ಬೇಡ. ಗೋರಿಕಾಯಿ ಜಾತಿಯ ಬೀಜದಿಂದ ತೆಗೆದು ಹದ ಮಾಡಿದ ಗ್ವಾರ್ ಗಮ್ ಪುಡಿಯೂ ಈಗ ಬಂದಿದೆ. ನೀರಿನಲ್ಲಿ ಪೂರ್ತಿ ಕರಗುತ್ತದೆ, ಐಬಿಎಸ್‌ಗೆ ಹೊಂದುತ್ತದೆ, ಬೆಲೆ ಮಾತ್ರ ಜಾಸ್ತಿ.

ನಿಮ್ಮ ಯಜಮಾನರ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಇಷ್ಟು ದಿನ ಅವರು ಇಸಬ್‌ಗೋಲ್ ರಾತ್ರಿ ಕುಡಿಯುತ್ತಿದ್ದರು ಅಂತ ಇಟ್ಟುಕೊಳ್ಳೋಣ, ಥೈರಾಯ್ಡ್ ಮಾತ್ರೆ ಬೆಳಗ್ಗೆ. ಎರಡಕ್ಕೂ ಭೇಟಿಯೇ ಆಗುತ್ತಿರಲಿಲ್ಲ. ಈಗ ಬದಲಿ ಅಂತ ಬೆಳಗ್ಗೆ ಎದ್ದು ನೆನೆಸಿದ ಚಿಯಾ, ಮೆಂತ್ಯ ಕುಡಿದರೆ ಆ ಲೋಳೆ ಮಾತ್ರೆಯನ್ನು ಹಿಡಿದಿಟ್ಟುಕೊಂಡು, ಮೈಗೆ ಸೇರುವುದು ಕಡಿಮೆಯಾಗಬಹುದು. ಮಾತ್ರೆಗೂ ನಾರಿಗೂ ನಾಲ್ಕು ಗಂಟೆ ಅಂತರ ಇರಲಿ. ಬೇರೆ ಮಾತ್ರೆಗಳಿಗೆ ಎರಡು ಗಂಟೆ ಸಾಕು. ಇಸಬ್‌ಗೋಲ್ ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ಅದು ನಿಂತರೆ ಶುಗರ್ ಸ್ವಲ್ಪ ಏರಬಹುದು, ಮೆಂತ್ಯ ಜಾಸ್ತಿಯಾದರೆ ಇಳಿಯಬಹುದು. ಎರಡು ವಾರ ಮನೆಯ ಮೀಟರಿನಲ್ಲಿ ಪದೇ ಪದೇ ನೋಡಿಕೊಳ್ಳಲಿ. ಮಾತ್ರೆಯ ಅಳತೆಯನ್ನು ತಾವೇ ಬದಲಿಸುವುದು ಬೇಡ.

ನಿಮ್ಮ ಕೊಲೊನೊಸ್ಕೋಪಿ ಸರಿ ಇತ್ತು ಅನ್ನುವುದು ಸಮಾಧಾನ. ಆದರೂ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಲೂಸ್ ಮೋಷನ್, ಹಿಮೋಗ್ಲೋಬಿನ್ ಕಡಿಮೆ, ಇವುಗಳಲ್ಲಿ ಯಾವುದು ಕಂಡರೂ ಇಸಬ್‌ಗೋಲ್ ಸಿಗದ್ದರ ಮೇಲೆ ಹಾಕಿ ಸುಮ್ಮನಿರಬೇಡಿ. ತೋರಿಸಿ.

ಕೊನೆಯದಾಗಿ ಮಗಳ ವಿಷಯ. ಅವಳು ಅಲ್ಲಿ ಕೊಳ್ಳುವ ಡಬ್ಬಿಯೊಳಗಿನ ಸಿಪ್ಪೆ ಕೂಡ ಬಹುಮಟ್ಟಿಗೆ ಇದೇ ಗುಜರಾತ್, ರಾಜಸ್ಥಾನದ ಹೊಲದ್ದೇ. ಕೊರಿಯರ್ ಖರ್ಚು ಮಾಡಿ ತರಿಸುವಂಥದ್ದೇನಿಲ್ಲ. ಹೇಗೂ ಬರುವವಳಿದ್ದರೆ ಒಂದು ಡಬ್ಬಿ ತರಲಿ, ಸಕ್ಕರೆ ಇಲ್ಲದ್ದು, ಹಿಂಬದಿಯ ಅಳತೆ ನೋಡಿ ತಗೊಳ್ಳಿ. ಅದಕ್ಕಿಂತ ಸುಲಭ, ಶಿವಮೊಗ್ಗಕ್ಕೋ ಬೆಂಗಳೂರಿಗೋ ಯಾರಾದರೂ ಹೋಗುವವರ ಕೈಯಲ್ಲಿ ಹೇಳಿಕಳಿಸುವುದು. ಸಿಕ್ಕಿತು ಅಂತ ಹತ್ತು ಪ್ಯಾಕೆಟ್ ತುಂಬಿಸಿಡಬೇಡಿ. ನಿಮ್ಮ ಕಡೆಯ ಮಳೆಗಾಲದ ಗಾಳಿಗೆ ಇಸಬ್‌ಗೋಲ್ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಮುಗ್ಗಲಾಗುತ್ತದೆ. ಅದೂ ಅಲ್ಲದೆ ಮೂಲವ್ಯಾಧಿ ಆಪರೇಷನ್ ಆಗಿ ನಿನ್ನೆ ಮನೆಗೆ ಬಂದವರಿಗೂ ಅದೇ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಬೇಕಿರುತ್ತದೆ. ಇಬ್ಬರಿಗೂ ಸೇರಿ ಒಂದು ತಿಂಗಳಿಗೆ ಆಗುವಷ್ಟು ತಂದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಣಗಿದ ಚಮಚದಲ್ಲೇ ತೆಗೆಯಿರಿ. ಮತ್ತೆ ಪೂರ್ತಿ ಅಳತೆಗೆ ಹೋಗುವಾಗಲೂ ಒಮ್ಮೆಲೇ ಎರಡು ಚಮಚ ಬೇಡ. ಒಂದರಿಂದ ಒಂದೂವರೆ, ನಾಲ್ಕು ದಿನ ಬಿಟ್ಟು ಎರಡು. ಹತ್ತು ದಿನದ ಮೇಲೆ ಹೊಟ್ಟೆ ಹೇಗಿದೆ ಅಂತ ನನಗೊಂದು ಸಾಲು ಬರೆಯಿರಿ.